ಮಗು ಶಾಲೆಗೆ ಹೋಯಿತು, ಆಶಾ ಅಕ್ಕ ಅಲ್ಲೇ ಇದ್ದಾರೆ

ಮಾಕುಟ್ಟದಂಥ ಗಡಿಯೂರಿನಲ್ಲಿ ಆಶಾ ಕಾರ್ಯಕರ್ತೆಗೆ ಒಂದು ಭಾಷೆ ಸಾಲದು. ರಿಪೋರ್ಟಿಗೆ ಕನ್ನಡ, ಎಷ್ಟೋ ಮನೆಗಳಲ್ಲಿ ಮಲಯಾಳ, ಹಾಡಿಗೆ ಹೋದರೆ ಹಾಡಿಯ ಮಾತು. ವಿರಾಜಪೇಟೆ ಆಸ್ಪತ್ರೆಗೆ ಹೋಗಲು ಪೆರುಂಬಾಡಿಯವರೆಗೆ ಆನೆ ಓಡಾಡುವ ಘಾಟಿ ಹತ್ತಬೇಕು. ಇಳಿದರೆ ಕೂಟುಪೊಳೆ ಸೇತುವೆ ದಾಟಿ ಇರಿಟ್ಟಿ ಹತ್ತಿರ. ಹಾಗಾಗಿ ತಾಯಿ ಕಾರ್ಡ್ ಕರ್ನಾಟಕದ್ದು, ಹೆರಿಗೆ ಕೇರಳದ್ದು ಎಂಬುದು ಇಲ್ಲಿ ಹೊಸದಲ್ಲ. 2018ರ ಮಳೆಗೆ ಈ ಘಾಟಿ ಕುಸಿದು ರಸ್ತೆ ಬಂದ್ ಆಗಿತ್ತು. 2020ರ ಲಾಕ್‌ಡೌನ್‌ನಲ್ಲಿ ಗಡಿಗೆ ಮಣ್ಣು ಸುರಿದು ಮುಚ್ಚಿದ್ದರು. ಆಗಲೂ ಮನೆ ಮನೆಗೆ ಹೋಗುವ ಕೆಲಸ ಆಶಾ ಅವರ ಮೇಲೇ ಬಿತ್ತು.

ಈಗ ಸಂಬಳದ ಲೆಕ್ಕ ನೋಡಿ. ಸಂಬಳ ಅನ್ನುವ ಹಾಗೂ ಇಲ್ಲ, ಕಾಗದದಲ್ಲಿ ಅವರು ಸ್ವಯಂಸೇವಕಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 42 ದಿನದೊಳಗೆ 6 ಸಲ ಮನೆಗೆ ಹೋಗಿ ನೋಡಬೇಕು, ತೂಕ ಹಾಕಬೇಕು, ತಾಯಿಯ ಆರೋಗ್ಯ ವಿಚಾರಿಸಬೇಕು. ಅಷ್ಟಕ್ಕೂ ಸೇರಿ ಪ್ರೋತ್ಸಾಹಧನ 250 ರೂಪಾಯಿ. ಒಂದು ಭೇಟಿಗೆ 42 ರೂಪಾಯಿಯೂ ಬೀಳುವುದಿಲ್ಲ. ಎಸ್ಟೇಟಿನ ಒಳದಾರಿಗೆ ಆಟೋ ಎಷ್ಟು ಕೇಳುತ್ತದೆ ಎಂದು ನಿಮಗೇ ಗೊತ್ತು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಏರದಿದ್ದರೆ ಆ ದುಡ್ಡೂ ನಿಲ್ಲುತ್ತದೆ. ಪೋರ್ಟಲ್‌ಗೂ ಪ್ರೋತ್ಸಾಹಧನಕ್ಕೂ ಇರುವ ಈ ಗಂಟು ಬಿಡಿಸಿ ಎಂದು ಅವರ ಸಂಘ ಕೇಳುತ್ತಲೇ ಇದೆ. ನೆಟ್‌ವರ್ಕ್ ಹುಡುಕುತ್ತಾ ಫೋನ್ ಎತ್ತಿ ಹಿಡಿದು ನಿಲ್ಲುವ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಆಶಾಗಳು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುತ್ತದೆ ಎಂದು ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲೆ ಎದ್ದರು. ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿದರು. ಸೇತುವೆಯ ಆಚೆಯ ಅಕ್ಕಂದಿರು ಅದೇ ವರ್ಷ ಫೆಬ್ರವರಿಯಿಂದ ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ತಿಂಗಳುಗಟ್ಟಲೆ ಕೂತಿದ್ದರು.

ದುಡ್ಡಿನ ಬೇಡಿಕೆ ನ್ಯಾಯವಾದದ್ದೇ. ನಮ್ಮ ತಕರಾರು ಇನ್ನೊಂದಿದೆ: ಮುಂದಿನ ಮೆಟ್ಟಿಲು ಎಲ್ಲಿ? ಅಂಗನವಾಡಿ ಕಾರ್ಯಕರ್ತೆಗೆ ಮೇಲ್ವಿಚಾರಕಿ ಹುದ್ದೆಯಲ್ಲಿ ಒಂದು ಪಾಲಾದರೂ ಇದೆ. ಹತ್ತು ಹದಿನೈದು ವರ್ಷ ಗರ್ಭಿಣಿಯರ ಬಿಪಿ, ರಕ್ತಹೀನತೆ, ಕ್ಷಯದ ಮಾತ್ರೆ ಎಂದು ಓಡಾಡಿದ ಆಶಾ ಮಾತ್ರ ಮೊದಲ ದಿನ ಎಲ್ಲಿದ್ದರೋ ಅಲ್ಲೇ. ಅವರು ತೂಕ ಹಾಕಿದ ಮಗು ಹೈಸ್ಕೂಲು ಸೇರಿರುತ್ತದೆ. ಓದುವ ಮನಸ್ಸಿದ್ದವರಿಗೆ ನರ್ಸಿಂಗ್ ತರಬೇತಿಯಲ್ಲಿ ಸೀಟು ಕಾದಿರಿಸಿ, ಕಲಿಯುವಾಗ ಗೌರವಧನ ನಿಲ್ಲಿಸದೆ, ಅನುಭವಕ್ಕೆ ಅಂಕ ಕೊಟ್ಟರೆ ಉಪಕೇಂದ್ರಕ್ಕೆ ಊರಿನ ಮಾತು ಬಲ್ಲ ಸಿಸ್ಟರ್ ಸಿಗುತ್ತಾರೆ. ಹೊರಗಿನಿಂದ ಬಂದವರು ವರ್ಗಾವಣೆಗೆ ಅರ್ಜಿ ಹಾಕುವುದು ಇದ್ದದ್ದೇ.

ಇನ್ನೊಂದು ಮಾತು. ಕುಡಿದು ಬಂದ ಗಂಡನ ಜೊತೆ ಮಾತಾಡಿ ಬಸುರಿಯನ್ನು ತಪಾಸಣೆಗೆ ಹೊರಡಿಸುವ ಕೆಲಸ ಯಾವ ಫಾರಂನಲ್ಲೂ ಇಲ್ಲ. ಮನೆ ಸುಧಾರಿಸುವುದು ಅಲ್ಲಿಂದಲೇ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಎಂದೊಂದಿದೆ. ಆಶಾ ಅದರ ಸದಸ್ಯ ಕಾರ್ಯದರ್ಶಿ. ಮುಂದಿನ ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ಈ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ, ನಮ್ಮ ಆಶಾಗೆ ಎಷ್ಟು ತಿಂಗಳ ದುಡ್ಡು ಬಾಕಿ ಇದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.