ಬಿಡುವಿಲ್ಲದವರ ಅಂಗಸಾಧನೆ

ಅಂಗಸಾಧನೆ ಎಂದೊಡನೆ ಹಲವರ ಕಣ್ಣಮುಂದೆ ನಿಲ್ಲುವುದು ಗರಡಿಮನೆಯ ಕೆಮ್ಮಣ್ಣು, ಗದೆ, ಬೆವರಿನಲ್ಲಿ ಮಿಂದ ಪೈಲ್ವಾನ. ಬೆಳಗಿನ ಬಸ್ಸಿಗೆ ಓಡುವ ಗುಮಾಸ್ತನಿಗಾಗಲಿ, ಮಕ್ಕಳ ಬುತ್ತಿ ಕಟ್ಟಿ ತಾನೂ ಉದ್ಯೋಗಕ್ಕೆ ಹೊರಡುವ ಗೃಹಿಣಿಗಾಗಲಿ ಅದಕ್ಕೆ ವೇಳೆಯೆಲ್ಲಿ? ‘ನಾಳೆಯಿಂದ’ ಎಂದುಕೊಳ್ಳುವುದರಲ್ಲಿಯೇ ವರ್ಷಗಳು ಉರುಳುತ್ತವೆ. ಸೊಂಟದ ಪಟ್ಟಿಗೆ ಹೊಸ ತೂತು ಬೀಳುತ್ತದೆ.

ಈ ಸಂದರ್ಭದಲ್ಲಿ ಲಂಡನ್ನಿನ ಬಸ್ಸುಗಳ ವೃತ್ತಾಂತವನ್ನು ನೆನೆಯಬೇಕು. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವಿಡೀ ಕುಳಿತೇ ಇರುತ್ತಿದ್ದನು. ಕಂಡಕ್ಟರನು ಚೀಟಿ ಹರಿಯುತ್ತ ಮೇಲಕ್ಕೂ ಕೆಳಕ್ಕೂ ಓಡಾಡಿ ದಿನಕ್ಕೆ 500ರಿಂದ 750 ಮೆಟ್ಟಿಲುಗಳನ್ನು ಏರುತ್ತಿದ್ದನು. ಇವರಿಬ್ಬರಲ್ಲಿ ಚಾಲಕರಿಗೇ ಹೃದ್ರೋಗ ಹೆಚ್ಚೆಂಬುದನ್ನು ಜೆರೆಮಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಂಡಕ್ಟರನು ವ್ಯಾಯಾಮವೆಂದು ಮೆಟ್ಟಿಲೇರಿದವನಲ್ಲ. ಚೀಟಿ ಕೊಡಲು ಏರಿದವನು!

ಆದರೆ ಇಲ್ಲಿಯೂ ಒಂದು ತೊಡಕುಂಟು. ಮೊದಲೇ ತೆಳ್ಳಗಿದ್ದವರು ಕಂಡಕ್ಟರರಾಗಿ, ದಪ್ಪನೆಯವರು ಚಾಲಕರಾಗಿ ಸೇರಿದ್ದರೋ ಏನೋ? ಮಾರಿಸರು ಆ ಸಂದೇಹವನ್ನು ಮುಚ್ಚಿಡಲಿಲ್ಲ. ನೌಕರರಿಗೆ ಕೊಟ್ಟ ಸಮವಸ್ತ್ರಗಳ ಲೆಕ್ಕವನ್ನು ತೆಗೆಸಿ, ಚಾಲಕರ ಷರಾಯಿಯ ಸೊಂಟದಳತೆಯೇ ದೊಡ್ಡದೆಂದು 1956ರಲ್ಲಿ ತಾವೇ ಬರೆದರು. ದರ್ಜಿಯ ಅಳತೆಪಟ್ಟಿ ವೈದ್ಯಶಾಸ್ತ್ರಕ್ಕೆ ಇಷ್ಟು ಒದಗಿದ್ದು ಅಪೂರ್ವ. ಮಾರಿಸರು 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಬಹುಕಾಲ ಪಂಡಿತರು ಹತ್ತು ನಿಮಿಷಕ್ಕೆ ಕಡಮೆಯಾದ ಶ್ರಮವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ಸೂಚನೆಗಳಲ್ಲಿ ಆ ನಿಬಂಧನೆಯನ್ನು ಕೈಬಿಟ್ಟಿತು. 2022ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಇನ್ನೊಂದು ಶೋಧನೆ ಬಂದಿತು. ವ್ಯಾಯಾಮವನ್ನೇ ಮಾಡದ ಸುಮಾರು 25,000 ಬ್ರಿಟಿಷರ ಮಣಿಕಟ್ಟಿಗೆ ಚಲನಮಾಪಕ ಕಟ್ಟಿ, ಮುಂದೆ ಏಳು ವರ್ಷಗಳಷ್ಟು ಕಾಲ ಅವರ ಯೋಗಕ್ಷೇಮವನ್ನು ಗಮನಿಸಲಾಗಿತ್ತು. ದಿನದ ಕೆಲಸಗಳ ನಡುವೆಯೇ ಒಂದೆರಡು ನಿಮಿಷ, ಮೂರು ಬಾರಿ ಏದುಸಿರು ಬರುವಂತೆ ಶ್ರಮಪಟ್ಟವರಲ್ಲಿ, ಏನೂ ಶ್ರಮಪಡದವರಿಗಿಂತ ಮರಣದ ಪ್ರಮಾಣ ನೂರಕ್ಕೆ ಸುಮಾರು 40ರಷ್ಟು ಕಡಮೆಯಿತ್ತು. ಆರೋಗ್ಯವಿದ್ದುದರಿಂದಲೇ ಅವರು ಹಾಗೆ ಓಡಾಡಬಲ್ಲವರಾಗಿದ್ದರೆಂದು ಆಕ್ಷೇಪಿಸುವವರಿಗೆ ಇಲ್ಲಿಯೂ ಎಡೆಯುಂಟು.

ಹಿಂದಿನ ಮನೆಗಳಲ್ಲಿ ಬೀಸುವ ಕಲ್ಲು, ಒರಳು, ಬಾವಿಯ ರಾಟೆ ಈ ಕೆಲಸವನ್ನು ಕೇಳದೆಯೇ ಮಾಡಿಸುತ್ತಿದ್ದವು. ಹಾಗೆಂದು ಅವನ್ನು ಮರಳಿ ತರಬೇಕೆಂದು ಯಾವ ಸೊಸೆಯೂ ಒಪ್ಪಳು, ಒಪ್ಪಲೂ ಬೇಕಾಗಿಲ್ಲ. ಕಛೇರಿಯ ಎರಡು ಮಹಡಿಗಳನ್ನು ಲಿಫ್ಟಿಲ್ಲದೆ ಬಿರುಸಾಗಿ ಏರಬಹುದು. ಬಸ್ಸಿನ ನಿಲ್ದಾಣಕ್ಕೆ ಹೋಗುವ ಕೊನೆಯ ಇನ್ನೂರು ಗಜವನ್ನು ಹಾಡಲಾಗದಷ್ಟು ವೇಗದಲ್ಲಿ ನಡೆಯಬಹುದು. ಹಾಲು ಉಕ್ಕುವುದನ್ನು ಕಾಯುವಾಗ ಒಲೆಯಿಂದ ದೂರ ನಿಂತು, ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಏಳಬಹುದು. ಹಾಲಿನ ಮೇಲೆ ಕಣ್ಣಿರಲಿ.

ಎದೆನೋವು, ತಲೆಸುತ್ತು, ಹತೋಟಿಗೆ ಬಾರದ ರಕ್ತದೊತ್ತಡ ಉಳ್ಳವರು ಮಾತ್ರ ಮೊದಲು ವೈದ್ಯರನ್ನು ಕಾಣಬೇಕು. ಮೊಣಕಾಲು ನೋವಿನವರು ಮೆಟ್ಟಿಲನ್ನು ಬಿಟ್ಟು ಸಮನೆಲದ ಬಿರುನಡಿಗೆಯನ್ನೇ ಆರಿಸಿಕೊಳ್ಳಲಿ. ಉಳಿದವರು ಮೊದಲ ವಾರ ದಿನಕ್ಕೊಮ್ಮೆ ಸಾಕು. ಮೂರಕ್ಕೆ ಏರಲು ಆತುರಪಡಬೇಕಾಗಿಲ್ಲ.