ಕಡಲಾಚೆಯ ಕೂಲಿ ಯಾರ ಬಂಡವಾಳ?

ದೊಡ್ಡ ದೊಡ್ಡ ಬ್ಯಾಂಕುಗಳ ಸಭೆಗಳಲ್ಲಿ, ಸರಕಾರಗಳ ಸಮ್ಮೇಳನಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಮಂತ್ರ ಮೊಳಗುತ್ತಿದೆ. ಆಫ್ರಿಕದಿಂದ ಹೊರದೇಶಗಳಿಗೆ ದುಡಿಯಲು ಹೋದ ಜನ ತಾಯ್ನಾಡಿನಲ್ಲಿ ಬಂಡವಾಳ ಹೂಡಬೇಕಂತೆ, ವ್ಯಾಪಾರ ಬೆಳೆಸಬೇಕಂತೆ, ಆಗ ಆಫ್ರಿಕ ತಾನಾಗಿ ಉದ್ಧಾರವಾಗುವುದಂತೆ. ಆಫ್ರಿಕದ ಒಕ್ಕೂಟವಂತೂ ಹೊರಗಿರುವ ತನ್ನ ಮಕ್ಕಳನ್ನು ಖಂಡದ ಆರನೆಯ ಪ್ರದೇಶವೆಂದೇ ಕರೆದಿದೆ. ಕಿವಿಗೆ ಇಂಪಾದ ಮಾತು. ಆದರೆ ನಾವು ಒಂದು ಪ್ರಶ್ನೆ ಕೇಳುತ್ತೇವೆ: ಬಂಡವಾಳವೆಂದು ನೀವು ಹೆಸರಿಟ್ಟಿರುವ ಈ ಹಣ ಬಂದದ್ದು ಎಲ್ಲಿಂದ? ಅದರ ಬಹುಪಾಲು ಕೂಲಿ. ಕೂಲಿಗೂ ಬಂಡವಾಳಕ್ಕೂ ಇರುವ ವ್ಯತ್ಯಾಸ ಗಿರಣಿಯಲ್ಲಿ ದುಡಿಯುವವನಿಗೆ ಗೊತ್ತು. ಬ್ಯಾಂಕಿನ ಮೇಜಿನ ಹಿಂದೆ ಕುಳಿತವನು ಗೊತ್ತಿದ್ದೂ ಗೊತ್ತಿಲ್ಲದಂತೆ ಇರುತ್ತಾನೆ.

ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ, ಸೆನೆಗಲ್ ನದಿಯ ದಡದಲ್ಲಿ ಕಾಯ್ ಎಂಬ ಪ್ರಾಂತವಿದೆ. ಫ್ರೆಂಚರ ಆಳ್ವಿಕೆಯಲ್ಲಿ ಅಲ್ಲಿನ ರೈತ ತಲೆಗಂದಾಯ ಕಟ್ಟಬೇಕಾಗಿತ್ತು. ಕಂದಾಯಕ್ಕೆ ನಗದು ಬೇಕು, ನಗದು ಬೇಕಾದರೆ ಊರು ಬಿಡಬೇಕು. ಹೀಗೆ ಊರು ಬಿಟ್ಟ ಸೊನಿಂಕೆ ಜನಾಂಗದ ಯುವಕರು ಮೊದಲು ನೆರೆಸೀಮೆಯ ಶೇಂಗಾ ಹೊಲಗಳಿಗೆ ಹೋದರು. 1960ರ ದಶಕದಲ್ಲಿ ಪ್ಯಾರಿಸಿನ ಮೋಟಾರು ಕಾರ್ಖಾನೆಗಳನ್ನು ಸೇರಿದರು, ಬೀದಿ ಗುಡಿಸಿದರು, ಇಕ್ಕಟ್ಟಾದ ಕೂಲಿಕಾರರ ವಸತಿಗೃಹಗಳಲ್ಲಿ ಮಲಗಿದರು. ಇಂಥ ವಸತಿಗೃಹಗಳಲ್ಲಿ ಬಾಡಿಗೆಯ ಹೊರೆ ತಡೆಯಲಾರದೆ ನಾನಾ ದೇಶಗಳ ವಲಸೆ ಕೂಲಿಕಾರರು ಒಟ್ಟುಗೂಡಿ 1975ರಿಂದ 1980ರವರೆಗೆ ಬಾಡಿಗೆ ಮುಷ್ಕರ ನಡೆಸಿದುದು ಶ್ರಮಜೀವಿಗಳ ಚರಿತ್ರೆಯಲ್ಲಿ ನೆನಪಿಡಬೇಕಾದ ಸಂಗತಿ.

ಈ ಕಾಯ್ ಪ್ರಾಂತದ ಜನ ತಿಂಗಳಿಗೆ ಇಷ್ಟೆಂದು ವಂತಿಗೆ ಎತ್ತಿ ಒಂದೊಂದು ಹಳ್ಳಿಗೆ ಒಂದೊಂದು ಸಂಘ ಕಟ್ಟಿಕೊಂಡರು. ಕಾಯಿಲೆ ಬಿದ್ದವನಿಗೆ ನೆರವು, ಸತ್ತವನ ಹೆಣವನ್ನು ಊರಿಗೆ ಮುಟ್ಟಿಸುವ ಖರ್ಚು, ಇವು ಮೊದಲು. ಆಮೇಲೆ ಊರಿನ ಮಸೀದಿ, ಬಾವಿ, ಶಾಲೆ, ಔಷಧಾಲಯ. ಹನಿಗೂಡಿ ಹಳ್ಳವಾಯಿತು. ಸರಕಾರ ಕಟ್ಟಬೇಕಾಗಿದ್ದ ಶಾಲೆಯನ್ನು ಪರದೇಶದಲ್ಲಿ ಕಸ ಗುಡಿಸುವವನು ಕಟ್ಟಿಸಿದನು. ಇದು ಅವನ ಹಿರಿಮೆ ಹೌದು. ಆದರೆ ಸರಕಾರಕ್ಕೆ ಇದರಿಂದ ನಾಚಿಕೆಯಾಗಬೇಡವೆ?

ಈಗ ಲೆಕ್ಕಕ್ಕೆ ಬರೋಣ. ವಿಶ್ವಬ್ಯಾಂಕಿನ ಅಂದಾಜಿನಂತೆ 2023ರಲ್ಲಿ ಸಹಾರ ಮರುಭೂಮಿಯ ದಕ್ಷಿಣದ ದೇಶಗಳಿಗೆ ಹೊರಗೆ ದುಡಿಯುವವರು ಕಳಿಸಿದ ಹಣ ಸುಮಾರು 5,400 ಕೋಟಿ ಡಾಲರು. ವಿದೇಶೀ ಕಂಪನಿಗಳು ಆ ವರ್ಷ ಅಲ್ಲಿ ಹೂಡಿದ ಬಂಡವಾಳಕ್ಕಿಂತ ಇದು ಹೆಚ್ಚು. ಕಂಪನಿ ಬಂದರೆ ಮಂತ್ರಿಗಳು ಹಾರ ಹಿಡಿದು ನಿಲ್ಲುತ್ತಾರೆ, ತೆರಿಗೆ ಬಿಡುತ್ತಾರೆ, ಜಮೀನು ಕೊಡುತ್ತಾರೆ. ಕೂಲಿಕಾರನ ಹಣ ಬಂದರೆ? ಅದೇ ಕಾಲದಲ್ಲಿ 200 ಡಾಲರು ಆಫ್ರಿಕಕ್ಕೆ ಕಳಿಸಲು ಸರಾಸರಿ ಶೇಕಡ 8ರಷ್ಟು, ಎಂದರೆ 16 ಡಾಲರು, ದಾರಿಯಲ್ಲೇ ಕತ್ತರಿಯಾಗುತ್ತಿತ್ತು. ಲೋಕದ ಯಾವ ಭಾಗಕ್ಕೆ ಕಳಿಸುವುದಕ್ಕಿಂತಲೂ ಇದು ದುಬಾರಿ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದಕ್ಕಾಗಿಯೇ ಹುಟ್ಟಿರಬೇಕು. 2030ರೊಳಗೆ ಈ ದರವನ್ನು ಶೇಕಡ 3ಕ್ಕಿಂತ ಕೆಳಗೆ ಇಳಿಸುತ್ತೇವೆಂದು ವಿಶ್ವಸಂಸ್ಥೆಯಲ್ಲಿ ಎಲ್ಲ ಸರಕಾರಗಳೂ 2015ರಲ್ಲಿ ಮಾತು ಕೊಟ್ಟಿವೆ. 8ರ ದರವನ್ನೇ ಎಲ್ಲ ಹಣಕ್ಕೂ ಹಿಡಿದರೆ, 8ಕ್ಕೂ 3ಕ್ಕೂ ನಡುವಿನ ಅಂತರ ವರ್ಷಕ್ಕೆ ಸುಮಾರು 270 ಕೋಟಿ ಡಾಲರು. ಎಷ್ಟು ಮನೆಗಳ ಅಕ್ಕಿ, ಎಷ್ಟು ಮಕ್ಕಳ ಔಷಧ! ಸಾಲದೆಂದು ಅಮೆರಿಕವು ಅಲ್ಲಿಂದ ಹೊರಕ್ಕೆ ನಗದಾಗಿ ಕಳಿಸುವ ಹಣದ ಮೇಲೆ 2026ರ ಜನವರಿ 1ರಿಂದ ಶೇಕಡ 1ರ ಹೊಸ ತೆರಿಗೆಯನ್ನೂ ಹಾಕಿದೆ. ಕೂಲಿಯ ಮೇಲೆ ಆಗಲೇ ತೆರಿಗೆ ಕೊಟ್ಟವನು ಉಳಿಸಿದ್ದನ್ನು ಮನೆಗೆ ಕಳಿಸಲೂ ತೆರಿಗೆ ಕೊಡಬೇಕು.

ಇದಕ್ಕೆ ಬೇರೆ ದಾರಿಯೇ ಇರಲಿಲ್ಲವೆ? ಇತ್ತು. ನಮ್ಮ ಪೇಟೆಯ ವರ್ತಕ ಬಂಧುಗಳು ಇದನ್ನು ಚೆನ್ನಾಗಿ ಬಲ್ಲರು. 1990ರ ದಶಕದಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಸರಕು ಹರಡಿ ಮಾರುತ್ತಿದ್ದ ಸೆನೆಗಲ್ಲಿನ ಮುರೀದ್ ಪಂಥದ ವ್ಯಾಪಾರಿ ತನ್ನ ಡಾಲರನ್ನು ಅಲ್ಲಿಯ ತನ್ನವರ ಅಂಗಡಿಯಲ್ಲಿ ಕೊಡುತ್ತಿದ್ದನು. ಡಾಕಾರಿನ ವರ್ತಕನಿಗೆ ಅದೇ ಡಾಲರಿನಿಂದ ನ್ಯೂಯಾರ್ಕಿನಲ್ಲಿ ಸರಕು ಖರೀದಿಯಾಗುತ್ತಿತ್ತು. ಇತ್ತ ಡಾಕಾರಿನಲ್ಲಿ ಕಳಿಸಿದವನ ಹೆಂಡತಿಯ ಕೈಗೆ ಹಣ ಸೇರುತ್ತಿತ್ತು. ನಮ್ಮ ಹಿರಿಯರು ಹುಂಡಿಯೆಂದು ಕರೆದದ್ದೂ ಇದನ್ನೇ. ಹಣವೂ ಸಾಗಿತು, ವ್ಯಾಪಾರವೂ ನಡೆಯಿತು, ನಂಬಿಕೆಯೇ ರಸೀತಿ. ಹೊರಗೆ ದುಡಿಯುವವರು ತಾಯ್ನಾಡಿನ ವ್ಯಾಪಾರ ಬೆಳೆಸಬೇಕೆಂದು ಈಗ ಉಪದೇಶಿಸುವವರು, ಅವರು ತಾವಾಗಿ ಕಟ್ಟಿದ ಇಂಥ ದಾರಿಗಳನ್ನು ಹೇಗೆ ಕಂಡರು? 2001ರ ನವೆಂಬರಿನಲ್ಲಿ ಅಮೆರಿಕವು ಸೊಮಾಲಿ ಜನರ ದೊಡ್ಡ ಹವಾಲಾ ಸಂಸ್ಥೆ ಅಲ್ ಬರಕಾತನ್ನು ಭಯೋತ್ಪಾದಕರ ನಂಟಿನ ಆಪಾದನೆ ಹೊರಿಸಿ ಮುಚ್ಚಿಸಿತು. ಆಪಾದನೆಗೆ ಆಧಾರ ಸಿಗಲಿಲ್ಲವೆಂಬುದು ಮುಂದೆ ಅಮೆರಿಕದ ತನಿಖಾ ಆಯೋಗದ ಸಿಬ್ಬಂದಿಯ ವರದಿಯಿಂದಲೇ ಹೊರಬಿತ್ತು. ಅಷ್ಟರಲ್ಲಿ ಅದನ್ನೇ ನಂಬಿದ್ದ ಬಡವರ ಹಣ ಸಿಕ್ಕಿಬಿದ್ದಿತ್ತು. ಕಳ್ಳಹಣ ತಡೆಯಬೇಕು, ನಿಜ. ಇಲಿ ಹಿಡಿಯಲು ಮನೆಗೆ ಬೆಂಕಿ ಇಡಬೇಕೆ?

ಇನ್ನು ಸರಕಾರಗಳು ಹಿಡಿದಿರುವ ದಾರಿ ಸಾಲಪತ್ರದ್ದು. ನೈಜೀರಿಯ 2017ರಲ್ಲಿ ಹೊರಗಿರುವ ತನ್ನ ಜನರಿಗೆಂದು 30 ಕೋಟಿ ಡಾಲರಿನ ಸಾಲಪತ್ರ ಹೊರಡಿಸಿತು. ಬಡ್ಡಿ ಶೇಕಡ 5.625, ಅವಧಿ ಐದು ವರ್ಷ. ಉಳಿತಾಯವಿರುವ ಡಾಕ್ಟರು, ಇಂಜಿನಿಯರು ಅದನ್ನು ಕೊಳ್ಳಬಹುದು, ಬೇಡವೆನ್ನುವುದಿಲ್ಲ. ಆದರೆ ಸಾಲ ಸಾಲವೇ. ಅದರ ಬಡ್ಡಿಯನ್ನು ಕಟ್ಟುವವನು ಊರಲ್ಲಿ ಉಳಿದ ಬಡವ. ದೇಶಾಭಿಮಾನದ ಹೆಸರಿನಲ್ಲಿ ಎತ್ತಿದರೂ ಬಡ್ಡಿ ಮನ್ನಾ ಆಗುವುದಿಲ್ಲ.

ಹಾಗಾದರೆ ನಿಜವಾದ ಹೂಡಿಕೆ ಯಾವುದು? ಮತ್ತೆ ಕಾಯ್ ಪ್ರಾಂತಕ್ಕೇ ಹೋಗೋಣ. 1970ರ ದಶಕದ ಮೊದಲಲ್ಲಿ ಆ ಸೀಮೆಯನ್ನು ಘೋರ ಬರ ಕಾಡಿತು. ಎಷ್ಟು ಹಣ ಕಳಿಸಿದರೂ ಕಾಳು ಕೊಳ್ಳುವುದಕ್ಕೇ ಸಾಲದು ಎಂಬುದನ್ನು ಪ್ಯಾರಿಸಿನಲ್ಲಿದ್ದ ಕೆಲವು ಆಫ್ರಿಕನ್ ಕೂಲಿಕಾರರು ಕಂಡುಕೊಂಡರು. ಅವರು ಮೊದಲು ಫ್ರಾನ್ಸಿನ ಹಳ್ಳಿಗಳಲ್ಲಿ ರೈತರೊಡನೆ ದುಡಿದು ಬೇಸಾಯ ಕಲಿತರು. 1977ರಲ್ಲಿ ಹದಿನಾಲ್ಕು ಮಂದಿ ಕಾರ್ಖಾನೆಯ ಬದುಕಿಗೆ ಬೆನ್ನು ಹಾಕಿ ಆಫ್ರಿಕಕ್ಕೆ ಮರಳಿ, ಸೆನೆಗಲ್ ನದಿಯ ದಡದಲ್ಲಿ ಸೊಮಾಂಕಿಡಿ ಕುರಾ ಎಂಬ ಸಹಕಾರಿ ಬೇಸಾಯದ ಊರನ್ನೇ ಕಟ್ಟಿದರು. ಪಂಪಿನಿಂದ ನದಿಯ ನೀರೆತ್ತಿ ಬಾಳೆ, ಈರುಳ್ಳಿ, ತರಕಾರಿ ಬೆಳೆದರು. ಅವರಲ್ಲೊಬ್ಬರಾದ ಛಾಯಾಚಿತ್ರಗ್ರಾಹಕ ಬೂಬಾ ಟೂರೆ 2022ರಲ್ಲಿ ತೀರಿಕೊಳ್ಳುವವರೆಗೂ ಈ ಕಥೆಯನ್ನು ಲೋಕಕ್ಕೆ ಸಾರುತ್ತಲೇ ಇದ್ದರು.

ಹದಿನಾಲ್ಕು ಮಂದಿಯ ಸಹಕಾರದಿಂದ ಒಂದು ಖಂಡದ ಬಡತನ ನೀಗಿತೆಂದು ನಾವು ಹೇಳುತ್ತಿಲ್ಲ. ಕಾಯ್ ಸೀಮೆಯ ಯುವಕರು ಆಮೇಲೂ ಊರು ಬಿಡುತ್ತಲೇ ಬಂದಿದ್ದಾರೆ. ಆದರೆ ದಾರಿ ಯಾವ ಕಡೆಗಿದೆಯೆಂಬುದನ್ನು ಆ ಊರು ತೋರಿಸಿದೆ. ದುಡಿದವನೇ ಒಡೆಯನಾದಾಗ ಮಾತ್ರ ಕೂಲಿ ಬಂಡವಾಳವಾಗುತ್ತದೆ. ಇಲ್ಲವಾದರೆ ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿದಂತೆ.

ಆದಕಾರಣ ನಮ್ಮ ಅಭಿಪ್ರಾಯ ಇಷ್ಟು. ಮೊದಲನೆಯದು, ಶೇಕಡ 3ರ ಮಾತನ್ನು ಸರಕಾರಗಳು ಉಳಿಸಿಕೊಳ್ಳಲಿ. ಅಂಚೆ ಕಚೇರಿಗಳೂ ಸಹಕಾರಿ ಪತ್ತಿನ ಸಂಘಗಳೂ ಹಣ ಸಾಗಿಸುವ ಕೆಲಸಕ್ಕೆ ಇಳಿಯಲಿ. ಎರಡನೆಯದು, ಶಾಲೆ, ನೀರು, ಔಷಧ ಸರಕಾರದ ಹೊಣೆ. ವಲಸೆ ಹೋದವನ ವಂತಿಗೆಯ ಮೇಲೆ ಅದನ್ನು ಜಾರಿಸುವುದು ಬೇಡ. ಮೂರನೆಯದು, ಹೊರಗಿನವರು ಕೂಡಿಹಾಕಿದ ಹಣಕ್ಕೆ ಸರಕಾರ ತನ್ನ ಪಾಲು ಸೇರಿಸಿ ನೀರಾವರಿ, ಸಂತೆಕಟ್ಟೆ, ದಾಸ್ತಾನು ಮಳಿಗೆಗಳನ್ನು ಸಹಕಾರಿ ಸಂಘಗಳ ಕೈಗೆ ಕೊಡಲಿ. ಆ ಸಂಘಗಳಲ್ಲಿ ಊರಲ್ಲೇ ಉಳಿದು ಮನೆಯ ಭಾರ ಹೊತ್ತ ಹೆಂಗಸರಿಗೂ ಸಮನಾದ ಮತವಿರಲಿ.

ಹದಿನಾಲ್ಕು ಮಂದಿ ಕೂಲಿಕಾರರು ಮಾಡಿ ತೋರಿಸಿದ್ದನ್ನು ಐವತ್ತಕ್ಕೂ ಹೆಚ್ಚು ಸರಕಾರಗಳು ಸೇರಿ ಮಾಡಲಾರವೆಂದರೆ, ಕೊರತೆ ಹಣದ್ದಲ್ಲ, ಮನಸ್ಸಿನದು.