ಬ್ಯಾಂಕಿನ ವಕೀಲರು ಓಕೆ ಅಂದರೆ ಜಾಗ ಕ್ಲಿಯರ್ ಆಯಿತೇ?

“ಬ್ಯಾಂಕಿನವರೇ ಲೋನ್ ಕೊಟ್ಟಿದ್ದಾರೆ, ಇನ್ನು ಡಾಕ್ಯುಮೆಂಟ್ ನೋಡ್ಲಿಕ್ಕೆ ಏನುಂಟು?” ಜಾಗವೋ ಫ್ಲ್ಯಾಟೋ ತೆಗೆಯಲು ಹೊರಟ ನಮ್ಮ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ಗಲ್ಫಿನಿಂದ ಒಂದು ತಿಂಗಳ ರಜೆಯಲ್ಲಿ ಬಂದ ಮಗ, ಅವನ ಮದುವೆಗೆ ಮೊದಲು ಸ್ವಂತ ಮನೆ ಆಗಬೇಕೆನ್ನುವ ಉಮ್ಮ, ಫೈಲ್ ಹಿಡಿದುಕೊಂಡು ಓಡಾಡುವ ಬ್ರೋಕರ್, ಎಲ್ಲರಿಗೂ ಬ್ಯಾಂಕಿನ ಒಪ್ಪಿಗೆಯೇ ಕೊನೆಯ ಸರ್ಟಿಫಿಕೇಟ್. ಬಡ್ಡಿ ಬೇಡವೆಂದು ಸಾಲದಿಂದ ದೂರ ಇರುವವರು ಕೂಡ “ಈ ಪ್ರಾಜೆಕ್ಟಿಗೆ ದೊಡ್ಡ ಬ್ಯಾಂಕಿನ ಅಪ್ರೂವಲ್ ಉಂಟಂತೆ” ಎಂದು ಕೇಳಿ ನೆಮ್ಮದಿಯಿಂದ ಅಡ್ವಾನ್ಸ್ ಕೊಡುತ್ತಾರೆ. ಈ ನೆಮ್ಮದಿಗೆ ಆಧಾರ ಎಷ್ಟು ಎಂಬುದೇ ಪ್ರಶ್ನೆ.

2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯಕ್ಕೆ ಕೈ ಹಾಕಿತು. ಪಾಲಾಗದ ಕುಟುಂಬದ ಜಾಗವನ್ನು ಮನೆಯ ಒಬ್ಬರು ಮಾರಿದ್ದರು. ಕೊಂಡವರು ಅದನ್ನು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಅಡವಿಟ್ಟು ಸಾಲ ತೆಗೆದಿದ್ದರು. ಇದರಲ್ಲಿ ನನಗೂ ಹಕ್ಕುಂಟು ಎಂದು ಆ ಮನೆಯ ಸೊಸೆ ಸಿವಿಲ್ ಕೋರ್ಟಿಗೆ ಹೋದರು. ಆಕೆಯ ದಾವೆ ಅಲ್ಲಿ ನಡೆಯಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಷ್ಟಕ್ಕೇ ನಿಲ್ಲಲಿಲ್ಲ. ಅಗ್ಗದಲ್ಲಿ, ಅರ್ಧಂಬರ್ಧ ಮಾಡಿಸಿದ ಟೈಟಲ್ ವರದಿಗಳನ್ನು ನಂಬಿ ಸಾಲ ಕೊಡಬೇಡಿ ಎಂದು ಬ್ಯಾಂಕುಗಳನ್ನು ಎಚ್ಚರಿಸಿತು. ಇಂಥ ವರದಿ ಹೇಗಿರಬೇಕು, ತಪ್ಪಿದರೆ ಒಪ್ಪಿಗೆ ಕೊಟ್ಟ ಅಧಿಕಾರಿಯ ಹೊಣೆ ಏನು ಎಂಬುದಕ್ಕೆ ಏಕರೂಪದ ನಿಯಮ ಬೇಕೆಂದೂ, ಅದರಲ್ಲಿ ರಿಸರ್ವ್ ಬ್ಯಾಂಕ್ ಕೈ ಜೋಡಿಸಬೇಕೆಂದೂ ಸೂಚಿಸಿತು. ದೇಶದ ಅತ್ಯುನ್ನತ ನ್ಯಾಯಾಲಯವೇ ಹೀಗೆ ಹೇಳುವಾಗ ನಾವು ಮಾತ್ರ “ಬ್ಯಾಂಕಿನವರು ನೋಡಿದ್ದಾರೆ” ಎಂದು ಕೂತರೆ ಹೇಗೆ?

ಬ್ಯಾಂಕಿನ ಪರವಾಗಿ ಕಾಗದ ನೋಡುವವರು ಪ್ಯಾನಲ್ ವಕೀಲರು. ಇವರು ಬ್ಯಾಂಕಿನ ನೌಕರರಲ್ಲ, ಹೊರಗೆ ಪ್ರಾಕ್ಟೀಸ್ ಮಾಡುವವರು. ಬಾರ್ ಕೌನ್ಸಿಲ್ ನೋಂದಣಿ, ಇಷ್ಟು ವರ್ಷದ ಅನುಭವ ಎಂಬುದನ್ನೆಲ್ಲ ತೋರಿಸಿ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಶಾಖೆಯ ಮ್ಯಾನೇಜರ್ ಶಿಫಾರಸು ಮಾಡಿದರೂ ಪಟ್ಟಿಗೆ ಸೇರಿಸುವುದು ಮೇಲಿನ ಕಚೇರಿ. ಕೆಲಸ ಸರಿಯಿಲ್ಲದಿದ್ದರೆ ತೆಗೆದುಹಾಕುವುದೂ ಉಂಟು. ವಂಚನೆಯಲ್ಲಿ ಪಾತ್ರವಿದೆ ಎಂದು ಕಂಡುಬಂದ ವಕೀಲರು, ವ್ಯಾಲ್ಯುವರ್‌ಗಳ ಹೆಸರನ್ನು ಬ್ಯಾಂಕುಗಳು ಭಾರತೀಯ ಬ್ಯಾಂಕುಗಳ ಸಂಘಕ್ಕೆ ಕಳುಹಿಸಬೇಕು; ಸಂಘ ಅದನ್ನು ಎಚ್ಚರಿಕೆಯ ಪಟ್ಟಿಯಾಗಿ ಉಳಿದ ಬ್ಯಾಂಕುಗಳಿಗೆ ತಿಳಿಸುತ್ತದೆ. 2009ರಿಂದ ಈ ಕ್ರಮ ಇದೆ. ಒಳ್ಳೆಯದೇ. ಆದರೆ ಆ ಪಟ್ಟಿ ಬ್ಯಾಂಕುಗಳ ಕೈಗೆ ಸಿಗುತ್ತದೆ, ಜಾಗ ಕೊಳ್ಳುವ ನಮಗಲ್ಲ.

ಇನ್ನು ಕೆಲಸದ ವಿಷಯ. ಕೆಲವು ಕಡೆ 13 ವರ್ಷದ, ಹೆಚ್ಚಿನ ಕಡೆ 30 ವರ್ಷದ ಈಸಿ ಕೇಳುತ್ತಾರೆ. ಒಳ್ಳೆಯ ವಕೀಲರಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಿ ದೃಢೀಕೃತ ಪ್ರತಿ ತೆಗೆದು, ಮಾರುವವನು ಕೊಟ್ಟ ದಸ್ತಾವೇಜಿನ ಜೊತೆ ಹೋಲಿಸುತ್ತಾರೆ. ನಕಲಿ ಕಾಗದ ಸಿಕ್ಕಿಬೀಳುವುದು ಅಲ್ಲಿಯೇ. ಮನೆಯಲ್ಲಿ ಕೂತು ಜೆರಾಕ್ಸ್ ನೋಡಿ ಒಪಿನಿಯನ್ ಬರೆದರೆ ಯಾವ ನಕಲಿಯೂ ಅಸಲಿಯೇ.

ನಮ್ಮ ಜಿಲ್ಲೆಯಲ್ಲಂತೂ ಜಾಗದ ಮೂಲವೇ ಹತ್ತು ಬಗೆ. ಒಂದು ಮೂಲಗೇಣಿ, ಇನ್ನೊಂದು ಡಿಕ್ಲರೇಷನ್‌ನಲ್ಲಿ ಬಂದದ್ದು, ಮತ್ತೊಂದು ದರ್ಖಾಸ್ತು, ಅಕ್ರಮ ಸಕ್ರಮ. ಸರಕಾರದಿಂದ ಮಂಜೂರಾದ ಜಾಗವಾದರೆ ಇಷ್ಟು ವರ್ಷ ಮಾರಬಾರದು ಎಂಬ ಷರತ್ತು ಇತ್ತೇ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಕಾಯ್ದೆಯ ಪ್ರಕಾರ ಸರಕಾರದ ಅನುಮತಿ ಇಲ್ಲದೆ ಮಾರುವಂತೆಯೇ ಇಲ್ಲ. ಮೇಲೆ ಕನ್ವರ್ಷನ್, ಏಕ ನಿವೇಶನದ ವಿನ್ಯಾಸ ಅನುಮೋದನೆ, ಪಂಚಾಯತಿನ ನೈನ್ ಇಲೆವೆನ್, 2024ರಿಂದ ನೋಂದಣಿಗೆ ಇ-ಖಾತಾ. ಇದರಲ್ಲಿ ಒಂದು ತಪ್ಪಿದರೂ ಫೈಲ್ ವಾಪಸ್. ಜನ ಬೈಯುವುದು ವಕೀಲರಿಗೆ. ಅಲ್ಲಿ ಬೈಯುವುದು ನ್ಯಾಯವಲ್ಲ, ತಡ ಮಾಡುವ ವಕೀಲರು ಹಲವು ಸಲ ನಮ್ಮನ್ನು ಉಳಿಸಿದ್ದಾರೆ.

ಈಸಿಯಲ್ಲಿ ಕಾಣುವುದು ನೋಂದಣಿ ಆದದ್ದು ಮಾತ್ರ. ಬಾಯಿಮಾತಿನ ಹಿಬಾ, ನೋಂದಣಿಯಾಗದ ಕರಾರು, ವಾರಸುದಾರರ ಪಾಲು ಯಾವುದೂ ಅದರಲ್ಲಿ ಕಾಣದು. ನಮ್ಮ ಮನೆಗಳ ಜಾಗದ ತಕರಾರು ಹೆಚ್ಚಿನದು ಇಲ್ಲಿಂದಲೇ ಹುಟ್ಟುತ್ತದೆ.

ಬಂಟ್ವಾಳ ಕಡೆಯ ನಮ್ಮ ಪರಿಚಯದ ಒಬ್ಬರು ಎಂಟು ವರ್ಷದ ಹಿಂದೆ ಬ್ಯಾಂಕಿನ ಸಾಲದಲ್ಲಿ ಹತ್ತು ಸೆಂಟ್ಸ್ ಜಾಗ ಮತ್ತು ಮನೆ ತೆಗೆದರು. ಬ್ಯಾಂಕಿನ ವಕೀಲರು ಓಕೆ ಮಾಡಿದ್ದರು. ಕಳೆದ ವರ್ಷ ಬಡ್ಡಿ ಸ್ವಲ್ಪ ಕಡಿಮೆ ಅಂತ ಸಾಲವನ್ನು ಇನ್ನೊಂದು ಬ್ಯಾಂಕಿಗೆ ಬದಲಾಯಿಸಲು ಹೋದರೆ ಅಲ್ಲಿನ ಪ್ಯಾನಲ್ ವಕೀಲರು ಫೈಲನ್ನು ತಿರುಗಿಸಿ ಕೊಟ್ಟರು. ಮಾರಿದ್ದು ಮೂವರು ಅಣ್ಣತಮ್ಮಂದಿರು. ಅವರ ತಂದೆಗೆ ಇಬ್ಬರು ಹೆಣ್ಣುಮಕ್ಕಳೂ ಇದ್ದರು. ಹಳೆಯ ಪಾಲು ಪಟ್ಟಿಯಲ್ಲಿ ಅವರ ಸಹಿ ಇಲ್ಲ, ಹಕ್ಕು ಬಿಡುಗಡೆ ಪತ್ರವೂ ಇಲ್ಲ. ತಾಯಿ ಮೊದಲೇ ತೀರಿಕೊಂಡಿದ್ದರು. ಲೆಕ್ಕ ಎಲ್ಲರಿಗೂ ಗೊತ್ತು, ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಎಂಟರಲ್ಲಿ ಎರಡು, ಅಂದರೆ ಕಾಲು ಭಾಗ ಇವತ್ತಿಗೂ ಆ ಇಬ್ಬರದ್ದು. ಅಣ್ಣಂದಿರು ಮಾರಬಹುದಾದದ್ದು ತಮ್ಮ ಪಾಲನ್ನು ಮಾತ್ರ. ಮದುವೆಯಲ್ಲಿ ಚಿನ್ನ ಕೊಟ್ಟಾಯಿತಲ್ಲ ಎಂಬ ಮಾತು ಯಾವ ಕೋರ್ಟಿನಲ್ಲೂ ದಸ್ತಾವೇಜು ಆಗುವುದಿಲ್ಲ.

ಎರಡು ಬ್ಯಾಂಕು, ಎರಡು ಪ್ಯಾನಲ್, ಒಂದೇ ಕಾಗದಕ್ಕೆ ಎರಡು ಉತ್ತರ. ಮೊದಲನೆಯ ವಕೀಲರನ್ನು ಇವರು ಕೇಳಲು ಹೋದರೆ ಸಿಕ್ಕ ಉತ್ತರ: “ನಾನು ರಿಪೋರ್ಟ್ ಕೊಟ್ಟದ್ದು ಬ್ಯಾಂಕಿಗೆ, ನಿಮಗಲ್ಲ.” ಕೇಳಲು ಕಹಿ, ಆದರೆ ಮಾತು ಸುಳ್ಳಲ್ಲ. ಫೀಸ್ ನಮ್ಮ ಕಿಸೆಯಿಂದ ಹೋಗುತ್ತದೆ, ವರದಿ ಮಾತ್ರ ಬ್ಯಾಂಕಿನ ಫೈಲಿಗೆ. ಬ್ಯಾಂಕಿಗೆ ಬೇಕಾದದ್ದು ಸಾಲ ವಸೂಲಿಗೆ ಸಾಕಾಗುವಷ್ಟು ಭದ್ರತೆ. ನಮಗೆ ಬೇಕಾದದ್ದು ಮಕ್ಕಳ ಕಾಲಕ್ಕೂ ತಕರಾರಿಲ್ಲದ ಮನೆ.

ಹೊಣೆಯ ಪ್ರಶ್ನೆ ಕೋರ್ಟಿಗೂ ಹೋಗಿದೆ. ನಮ್ಮ ಮಂಗಳೂರಿನಲ್ಲೇ 1931ರಲ್ಲಿ ಹುಟ್ಟಿದ, ಈಗ ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋದ ವಿಜಯಾ ಬ್ಯಾಂಕಿನ ಹೈದರಾಬಾದ್ ಶಾಖೆಯ ಗೃಹಸಾಲ ಪ್ರಕರಣದಲ್ಲಿ ಸಿಬಿಐ ಪ್ಯಾನಲ್ ವಕೀಲರನ್ನೂ ಆರೋಪಿ ಮಾಡಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಒಪಿನಿಯನ್ ತಪ್ಪಾದ ಮಾತ್ರಕ್ಕೆ ವಕೀಲ ಕ್ರಿಮಿನಲ್ ಆಗುವುದಿಲ್ಲ, ವಂಚನೆಯ ಸಂಚಿನಲ್ಲಿ ಭಾಗಿಯಾಗಿದ್ದಕ್ಕೆ ಪುರಾವೆ ಬೇಕು. ಇದು ಸರಿಯಾದ ತೀರ್ಪೆಂದೇ ನಮ್ಮ ಅಭಿಪ್ರಾಯ, ಇಲ್ಲದಿದ್ದರೆ ಯಾವ ವಕೀಲನೂ ಪೆನ್ನು ಎತ್ತಲಾರ. ಗ್ರಾಹಕರ ಕೋರ್ಟಿಗೆ ಹೋಗೋಣವೆಂದರೆ, ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯಡಿ ಬರುವುದಿಲ್ಲ ಎಂದು 2024ರ ಮೇಯಲ್ಲಿ ತೀರ್ಪಾಯಿತು. ಬಾರ್ ಕೌನ್ಸಿಲಿಗೆ ದೂರು, ಸಿವಿಲ್ ದಾವೆ ಉಂಟು. ವರದಿಯೇ ಬ್ಯಾಂಕಿಗೆ ಬರೆದದ್ದಾಗಿರುವಾಗ ನಮ್ಮ ದಾವೆ ಎಷ್ಟು ದೂರ ಹೋದೀತು?

ಇಂಗ್ಲೆಂಡಿನಲ್ಲೂ ಪ್ಯಾನಲ್ ಪದ್ಧತಿಯೇ. ಆದರೆ ಅಲ್ಲಿ ಸಾಮಾನ್ಯವಾಗಿ ಮನೆ ಕೊಳ್ಳುವವನ ಸಾಲಿಸಿಟರೇ ಸಾಲ ಕೊಡುವ ಬ್ಯಾಂಕಿನ ಸಾಲಿಸಿಟರ್ ಕೂಡ, ಇಬ್ಬರಿಗೂ ಉತ್ತರ ಹೇಳಬೇಕಾದವನು. ಸಾಲ ಕೊಡುವ ಸಂಸ್ಥೆಗಳು ಏನೇನು ಪರಿಶೀಲಿಸಬೇಕೆಂದು ಬರೆದ ಒಂದು ಕೈಪಿಡಿಯನ್ನೇ ಇಟ್ಟುಕೊಂಡಿವೆ, ಅದು ಯಾರು ಬೇಕಾದರೂ ಓದಬಹುದಾದದ್ದು. ಸಾಲಿಸಿಟರಿಗೆ ವಿಮೆ ಕಡ್ಡಾಯ. ಅವನ ತಪ್ಪಿನಿಂದ ನಷ್ಟವಾದರೆ ಹಣ ಅಲ್ಲಿಂದ ಬರುತ್ತದೆ. ನಮ್ಮ ವಕೀಲರಿಗೆ ಅಂಥ ಕಡ್ಡಾಯ ಇಲ್ಲ. ಅಲ್ಲಿಯೂ ಎಲ್ಲ ಚಂದ ಅಂತಲ್ಲ. 2012ರಲ್ಲಿ ಎಚ್‌ಎಸ್‌ಬಿಸಿ ತನ್ನ ಪ್ಯಾನಲನ್ನು 43 ಸಂಸ್ಥೆಗಳಿಗೆ ಇಳಿಸಿದಾಗ ಊರಿನ ಸಣ್ಣ ಸಾಲಿಸಿಟರುಗಳೂ ಅವರ ಗಿರಾಕಿಗಳೂ ಗಲಾಟೆ ಎಬ್ಬಿಸಿದರು, ನಂತರ ಬ್ಯಾಂಕ್ ಬಾಗಿಲು ಅಗಲ ಮಾಡಬೇಕಾಯಿತು. ದೊಡ್ಡ ವ್ಯತ್ಯಾಸ ಬೇರೆಯೇ: ಅಲ್ಲಿ ಸರಕಾರದ ಭೂ ನೋಂದಣಿ ಮಾಲಿಕತ್ವಕ್ಕೇ ಖಾತರಿ ಕೊಡುತ್ತದೆ. ನಮ್ಮಲ್ಲಿ ನೋಂದಣಿ ಆಗುವುದು ಕಾಗದ, ಹಕ್ಕಲ್ಲ. ಆದ್ದರಿಂದ ವಕೀಲರ ಕಣ್ಣಿಗೆ ನಮ್ಮಲ್ಲಿ ಬೆಲೆ ಇನ್ನೂ ಹೆಚ್ಚು ಇರಬೇಕಿತ್ತು.

ರಿಸರ್ವ್ ಬ್ಯಾಂಕ್ ಮನಸ್ಸು ಮಾಡಿದರೆ ಕೆಲಸ ಆಗುತ್ತದೆ ಎಂಬುದಕ್ಕೆ ಉದಾಹರಣೆ ಉಂಟು. ಸಾಲ ತೀರಿಸಿದ ಮೇಲೆ 30 ದಿನದೊಳಗೆ ಮೂಲ ದಸ್ತಾವೇಜು ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ಗ್ರಾಹಕನಿಗೆ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಟೈಟಲ್ ವರದಿಯ ಒಂದು ಪ್ರತಿಯನ್ನು ಫೀಸ್ ಕೊಟ್ಟ ಗ್ರಾಹಕನಿಗೂ ಕೊಡಬೇಕು ಎಂಬ ಒಂದು ಸಾಲು ಸೇರಿಸಲು ಕಷ್ಟವೇನಿದೆ? ನಮ್ಮ ಸಂಘಟನೆಗಳು ಕೇಳಬೇಕಾದ ಬೇಡಿಕೆ ಇದು. ವಕೀಲರು ಎತ್ತಿದ ಆಕ್ಷೇಪ ಏನು, ಯಾವ ಕಾಗದ ನೋಡಿ ಅದನ್ನು ಬಿಟ್ಟರು ಎಂಬುದು ಮನೆಯವರಿಗೆ ಗೊತ್ತಾಗಬೇಕು.

ಅಲ್ಲಿಯವರೆಗೆ ಅಡ್ವಾನ್ಸ್ ಕೊಡುವ ಮೊದಲೇ ನಮ್ಮದೇ ಒಬ್ಬ ವಕೀಲರಿಗೆ ಫೈಲ್ ತೋರಿಸುವುದು ಲೇಸು. ಮಾರುವವನ ಬ್ರೋಕರ್ ಹೇಳಿದ ವಕೀಲರಿಗಲ್ಲ. ಜಾಗ ತಂದೆ ತಾಯಿಯಿಂದ ಬಂದದ್ದಾದರೆ ವಂಶವೃಕ್ಷ ಕೇಳಬೇಕು, ಕೇಳಿದ ಮೇಲೆ ಆ ಊರಿನ ಹಿರಿಯರ ಹತ್ತಿರವೂ ಒಮ್ಮೆ ವಿಚಾರಿಸಬೇಕು. ಹೆಣ್ಣುಮಕ್ಕಳ ಹೆಸರು ಮರೆತುಹೋಗುವುದು ಕಾಗದದಲ್ಲಿ, ಊರಿನವರಿಗೆ ನೆನಪಿರುತ್ತದೆ. ಪವರ್ ಆಫ್ ಅಟಾರ್ನಿಯಲ್ಲಿ ಮಾರಾಟವಾದರೆ ಕೊಟ್ಟವರು ಜೀವಂತ ಇದ್ದಾರಾ ಅಂತ ನೇರ ಫೋನ್ ಮಾಡಿ ತಿಳಿಯಬೇಕು.

ಬಂಟ್ವಾಳದವರ ಕಥೆ ಇನ್ನೂ ಮುಗಿದಿಲ್ಲ. ಇಬ್ಬರು ತಂಗಿಯಂದಿರಲ್ಲಿ ಒಬ್ಬರು ತಮ್ಮ ಪಾಲಿನ ಹಣ ಕೇಳಿ ಪಡೆದು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದಾರೆ. ಕೇಳಿದ್ದು ತಪ್ಪಲ್ಲ, ಅದು ಅವರದ್ದೇ. ಹಣ ಕೊಟ್ಟದ್ದು ಮಾರಿದ ಅಣ್ಣಂದಿರಲ್ಲ, ಎಂಟು ವರ್ಷದಿಂದ ಕಂತು ಕಟ್ಟುತ್ತಿರುವವರು. ಇನ್ನೊಬ್ಬರು ದಮಾಮಿನಲ್ಲಿದ್ದಾರೆ. ಅವರು ರಜೆಯಲ್ಲಿ ಊರಿಗೆ ಬರುವುದನ್ನು ಈ ಮನೆಯವರು ಕಾಯುತ್ತಿದ್ದಾರೆ.